ಫ್ಯಾನ್ ಇತ್ತು, ಹಾಕುವ ಮನಸ್ಸಿರಲಿಲ್ಲ

ಊಟದ ಫೋರ್ಕ್ ಮನುಷ್ಯನ ಪ್ರಾಣ ತೆಗೆಯುತ್ತಾ? ಇನ್ನೂರು ವರ್ಷದ ಹಿಂದೆ ತೆಗೀತಿತ್ತು. ಊರು ಇಂಗ್ಲೆಂಡಿನ ಶೆಫೀಲ್ಡ್. ಚಾಕು, ಕತ್ತರಿ, ಕ್ಷೌರದ ಕತ್ತಿಗೆ ಜಗತ್ತಿನಲ್ಲೇ ಹೆಸರಾದ ಊರು.

ತಿರುಗುವ ಮರಳುಗಲ್ಲಿನ ಮೇಲೆ ಬಾಗಿ ಕೂತು ಸಾಣೆ ಹಿಡಿಯುವ ಕೆಲಸ. ಊಟದ ಚಾಕುವಿಗಾದರೆ ನೀರು ಹಾಕುತ್ತಿದ್ದರು, ಧೂಳು ಕಮ್ಮಿ. ಫೋರ್ಕಿಗೆ ಒಣ ಸಾಣೆ. ಕಬ್ಬಿಣದ ಪುಡಿ, ಅದಕ್ಕಿಂತ ಅಪಾಯಕಾರಿಯಾದ ಕಲ್ಲಿನ ಪುಡಿ, ಎರಡೂ ನೇರ ಎದೆಗೆ. ಫೋರ್ಕ್ ಸಾಣೆಯವರು 28ರಿಂದ 32ರ ವಯಸ್ಸಿಗೇ ಸಾಯುತ್ತಾರೆ ಅಂತ 1830ರಲ್ಲಿ ಅಲ್ಲಿನ ವೈದ್ಯ ಆರ್ನಾಲ್ಡ್ ನೈಟ್ ಬರೆದರು. ಆಗ ಇದಕ್ಕಿದ್ದ ಹೆಸರು 'ಸಾಣೆಯವರ ಉಬ್ಬಸ'. ಕಲ್ಲಿನ ಧೂಳಿನಿಂದ ಬರುವ ಈ ಕಾಯಿಲೆಯನ್ನ ಇವತ್ತು ಸಿಲಿಕೋಸಿಸ್ ಅಂತೀವಿ.

ಪರಿಹಾರ ಇರಲಿಲ್ವಾ? ಇತ್ತು! 1820ರ ದಶಕದ ಆರಂಭದಲ್ಲೇ ಜೆ.ಎಚ್. ಅಬ್ರಹಾಂ ಅನ್ನುವವರು ಅಯಸ್ಕಾಂತದ ಉಪಕರಣ ಮಾಡಿದ್ದರು. ಅದು ಕಬ್ಬಿಣದ ಪುಡಿ ಹಿಡಿಯಿತು. ಆದರೆ ಕಲ್ಲಿನ ಪುಡಿಗೆ ಅಯಸ್ಕಾಂತ ಏನು ಮಾಡೀತು? ಆಮೇಲೆ ಬಂತು ಫ್ಯಾನ್. ಸಾಣೆಯ ಪಕ್ಕದಿಂದಲೇ ಧೂಳನ್ನು ಕೊಳವೆಯೊಳಗೆ ಎಳೆದು ಹೊರಗೆ ಹಾಕುವ ವ್ಯವಸ್ಥೆ.

ಆದರೂ ಎಲ್ಲರೂ ಹಾಕಲಿಲ್ಲ. ಒಂದು ಕಡೆ ಖರ್ಚಿನ ಲೆಕ್ಕ. ಇನ್ನೊಂದು ಕಡೆ ಕಾರ್ಮಿಕರದ್ದೇ ಭಯ: ಎಲ್ಲರೂ ಜಾಸ್ತಿ ದಿನ ಬದುಕಿದರೆ ಕೆಲಸಗಾರರು ಹೆಚ್ಚಾಗ್ತಾರೆ, ಕೂಲಿ ಇಳಿಯುತ್ತೆ! 1845ರ ತಮ್ಮ ಪುಸ್ತಕದಲ್ಲಿ ಫ್ರೆಡರಿಕ್ ಎಂಗೆಲ್ಸ್ ಈ ಮಾತನ್ನು ದಾಖಲಿಸಿದ್ದಾರೆ. ಕೂಲಿಗೆ ಹೆದರಿ ಉಸಿರನ್ನೇ ಬಿಟ್ಟುಕೊಡುವ ಸ್ಥಿತಿ ಅದು. ಕೊನೆಗೆ 1867ರ ಕಾನೂನು ಫ್ಯಾನ್ ಹಾಕಿಸಿ ಅಂತ ಆದೇಶಿಸುವ ಅಧಿಕಾರವನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಿತು.

ಎಂಜಿನಿಯರಿಂಗ್ ಓದಿದವರಿಗೆ ಇದರ ಸೂತ್ರ ಗೊತ್ತು. ದೂರದಿಂದ ಊದಿದರೆ ದೀಪ ಆರುತ್ತೆ, ಅಷ್ಟೇ ದೂರದಿಂದ ಉಸಿರು ಎಳೆದರೆ ಆರಲ್ಲ. ಕೊಳವೆಯ ಬಾಯಿಂದ ಅದರ ಅಗಲದಷ್ಟು ದೂರ ಹೋದರೆ ಸಾಕು, ಎಳೆತದ ವೇಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಬಾಯಿ ಚಕ್ರಕ್ಕೆ ಅಂಟಿಕೊಂಡಂತಿರಬೇಕು. ಗೋಡೆ ಮೇಲಿನ ಎಕ್ಸಾಸ್ಟ್ ಫ್ಯಾನ್ ಇದಕ್ಕೆ ಸಾಟಿಯಲ್ಲ. ಅದು ಧೂಳನ್ನು ಕೆಲಸಗಾರನ ಮುಖದ ಮುಂದೆಯೇ ಮೆರವಣಿಗೆ ಮಾಡಿಸಿ ಆಚೆ ಕಳಿಸುತ್ತೆ.

ನಮ್ಮ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ ಇದನ್ನೇ ಹೇಳಿತು: ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಅದನ್ನು ಎಳೆದುಕೊಳ್ಳಿ. ಇವತ್ತಿನ ಚಕ್ರ ಮರಳುಗಲ್ಲಿನದ್ದಲ್ಲ ನಿಜ. ಆದರೆ ಲೋಹದ ಧೂಳೂ ಶ್ವಾಸಕೋಶಕ್ಕೆ ಪ್ರಸಾದವಲ್ಲ.

ಗ್ರೈಂಡಿಂಗ್ ಮಾಡುವ ಹುಡುಗನ ಮೂಗಿಗೆ ಕರವಸ್ತ್ರ ಕಟ್ಟಿಸಿ ಸುರಕ್ಷತೆ ಅಂದರೆ, ಮಾಲೀಕನ ಜವಾಬ್ದಾರಿಯನ್ನು ಅವನ ಮುಖಕ್ಕೆ ಕಟ್ಟಿದಂತೆ. ತಂತ್ರಜ್ಞಾನ ಹಳೆಯದು, ಕಾನೂನೂ ಹಳೆಯದು. ಹೊಸದಾಗಿ ಬೇಕಿರೋದು ಮನಸ್ಸು ಮಾತ್ರ.