ಲಕ್ಷ್ಯ: ಹೋಗುವುದು ಮತ್ತು ಕೊಡುವುದು

‘ಸ್ವಲ್ಪ ಲಕ್ಷ್ಯ ಕೊಡಪ್ಪಾ.’ ಬಸವಕಲ್ಯಾಣ, ಹುಮನಾಬಾದ ಕಡೆಯ ಮನೆಗಳಲ್ಲಿ, ಶಾಲೆಗಳಲ್ಲಿ ಸದಾ ಕಿವಿಗೆ ಬೀಳುವ ಮಾತಿದು. ಗಡಿಯಾಚೆಯ ಮರಾಠಿ ತಾಯಂದಿರೂ ‘ಲಕ್ಷ ದೇ’ ಎಂದೇ ಮಕ್ಕಳನ್ನು ಎಚ್ಚರಿಸುತ್ತಾರೆ.

ಸಂಸ್ಕೃತದಲ್ಲಿ ಲಕ್ಷ್ಯವೆಂದರೆ ಬಾಣ ಹೂಡಿದವನ ಗುರಿ. ಕನ್ನಡದಲ್ಲಿ ಅದು ಗುರಿಯೂ ಹೌದು, ಗುರಿಯ ಮೇಲೆ ನೆಟ್ಟ ಮನಸ್ಸೂ ಹೌದು. ಸಂಗೀತಗಾರರಿಗೆ ಶಾಸ್ತ್ರ ವಿವರಿಸುವುದು ಲಕ್ಷಣ, ಹಾಡಿನಲ್ಲಿ ಬದುಕಿರುವುದು ಲಕ್ಷ್ಯ. ‘ನಿರ್’ ಸೇರಿತೋ, ಅಪಘಾತದ ಸುದ್ದಿಗಳಲ್ಲಿ ನಿತ್ಯ ಓದುವ ನಿರ್ಲಕ್ಷ್ಯ.

ಈ ಪದದ ತಿರುಳು ಅದರ ಕ್ರಿಯಾಪದದಲ್ಲಿದೆ. ಮೊಬೈಲ್ ಸದ್ದಾದರೆ ಲಕ್ಷ್ಯ ಅತ್ತ ‘ಹೋಗುತ್ತದೆ’. ಓದಿಗೆ, ಹೊಲಕ್ಕೆ, ಎದುರು ಕೂತ ಮನುಷ್ಯನಿಗೆ ಮಾತ್ರ ಲಕ್ಷ್ಯ ‘ಕೊಡಬೇಕು’. ಹೋಗುವುದಕ್ಕೆ ನಮ್ಮನ್ನು ಯಾರೂ ಕೇಳುವುದಿಲ್ಲ. ಕೊಡಬೇಕಾದರೆ ನಾವೇ ಮನಸ್ಸು ಮಾಡಬೇಕು. ಹೋಗುವ ಲಕ್ಷ್ಯದ ಮೇಲೆಯೇ ಇಂದು ದೊಡ್ಡ ವ್ಯಾಪಾರಗಳು ನಡೆದಿವೆ. ಕೊಡುವ ಲಕ್ಷ್ಯ ಬಡವಾಗುತ್ತಿದೆ.

ಯಾವುದಕ್ಕೆ ಕೊಡಬೇಕು? 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ. ಒಮ್ಮೆ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಿನ ಅಕ್ಕಿಯನ್ನು ಅಲ್ಲಿಗೇ ಮರಳಿಸಿ ಬರಲು ಹೇಳಿದಳು ಎನ್ನುತ್ತದೆ ಶರಣರ ಕಥೆ. ಕಣ್ಣಿಗೆ ಬಿದ್ದದ್ದೆಲ್ಲ ನಮ್ಮದಲ್ಲ ಎಂಬ ಅರಿವು ಅವಳದು. ಅಕ್ಕಿಗೆ ಸಲ್ಲುವ ಆ ನಿಯಮ ಸುದ್ದಿಗೂ ಚಿತ್ರಕ್ಕೂ ಸಲ್ಲುತ್ತದೆ.

ಕೊಟ್ಟ ಲಕ್ಷ್ಯ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. ಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಗೋಡೆಯಲ್ಲಿ, ಕಲ್ಯಾಣದಿಂದ ಆಳಿದ ಆರನೇ ವಿಕ್ರಮಾದಿತ್ಯನ (1076–1126) ಹೊಗಳಿಕೆಯನ್ನು ಬರೆಯುತ್ತಿರುವ ಶಿಲಾಬಾಲಿಕೆ ನಿಂತಿದ್ದಾಳೆ. ಉಳಿ ಒಮ್ಮೆ ಜಾರಿದರೆ ಮೂಗು, ಬೆರಳು ಮುರಿದು ಹೋಗುವ ಕೆಲಸವದು. ಆ ಶಿಲ್ಪಿಗಳು ಕೊಟ್ಟ ಲಕ್ಷ್ಯ ಸುಮಾರು ಒಂಬತ್ತು ಶತಮಾನ ಬಾಳಿದೆ.

ನಾರಾಯಣಪುರಕ್ಕೆ ಹೋದವರು ಫೋಟೊ ತೆಗೆಯುವ ಮೊದಲು ಗುಡಿಯನ್ನು ಒಮ್ಮೆ ಸುತ್ತಿ, ಕಣ್ಣು ತುಂಬ ನೋಡಿ. ಮನೆಗೆ ಬಂದ ಮೇಲೆ ಮಗು ಮಾತಾಡುವಾಗ ಮೊಬೈಲ್ ಕೆಳಗಿಡಿ. ಲಕ್ಷ್ಯ ಹೋಗುವುದನ್ನು ಪೂರ್ತಿ ತಡೆಯಲಾಗದು. ಕೊಡುವುದು ಮಾತ್ರ ಇಂದಿಗೂ ನಮ್ಮ ಕೈಯಲ್ಲೇ ಇದೆ.