ಕರೆಂಟಿಗೆ ತಿರುಗುವ ಕನ್ನಡಿ: ಡಿಜೆ ಲೇಸರ್‌ನ ಹಳೇ ಕಥೆ

1/7
ಗಣೇಶನ ಮೆರವಣಿಗೆ ರಾಬರ್ಟ್‌ಸನ್‌ಪೇಟೆಲಿ ಹೋಗ್ಲಿ, ಬಂಗಾರಪೇಟೆಲಿ ಹೋಗ್ಲಿ, ನಮ್ಮ ಫೋನು ಮೊದಲು ತಿರುಗೋದು ಆ ಹಸಿರು ಲೇಸರ್ ಕಡೆಗೆ. ಗೋಡೆ ಮೇಲೆ ನಕ್ಷತ್ರ, ಹೂವು, ಹೆಸರು ಎಲ್ಲಾ ಓಡಾಡುತ್ತೆ. ಲೇಸರ್ ಚಿತ್ರ ಬಿಡಿಸ್ತಿದೆ ಅಂತ ಅಂದ್ಕೋತೀವಿ. ಆದ್ರೆ ಲೇಸರ್‌ಗೆ ಗೊತ್ತಿರೋದು ಒಂದೇ ಕೆಲಸ, ನೆಟ್ಟಗೆ ಹೋಗೋದು. ಚಿತ್ರ ಬಿಡಿಸೋದು ಡಬ್ಬಿ ಒಳಗಿರೋ ಎರಡು ಪುಟ್ಟ ಕನ್ನಡಿ. ಆ ಕನ್ನಡಿ ಐಡಿಯಾ ಲೇಸರ್‌ಗಿಂತ ನೂರು ವರ್ಷ ಹಳೇದು. ಬಿಕಾಂ ಓದೋರಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ, ಸ್ವೈಪ್ ಮಾಡಿ 👉

2/7
1858. ಐರ್ಲೆಂಡ್‌ನಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕಿದ್ರು. ಅಷ್ಟು ದೂರ ಬರೋ ಹೊತ್ತಿಗೆ ಕರೆಂಟು ತೀರಾ ಸಣ್ಣಗಾಗ್ತಿತ್ತು. ಅದನ್ನ ಓದೋಕೆ ವಿಲಿಯಂ ಥಾಮ್ಸನ್ (ಆಮೇಲೆ ಲಾರ್ಡ್ ಕೆಲ್ವಿನ್ ಆದವರು) ಒಂದು ಉಪಾಯ ಮಾಡಿದ್ರು. ಪುಟ್ಟ ಕನ್ನಡಿ ಬೆನ್ನಿಗೆ ಅಯಸ್ಕಾಂತದ ಚೂರು ಅಂಟಿಸಿ, ರೇಷ್ಮೆ ಎಳೆಯಲ್ಲಿ ತೂಗುಹಾಕಿ, ಸುತ್ತ ತಂತಿ ಸುರುಳಿ ಇಟ್ರು. ಸುರುಳಿಯಲ್ಲಿ ಕರೆಂಟು ಹರಿದ್ರೆ ಕನ್ನಡಿ ಕೂದಲೆಳೆಯಷ್ಟು ತಿರುಗುತ್ತೆ. ಅದರ ಮೇಲೆ ಬಿದ್ದ ದೀಪದ ಬೆಳಕು ದೂರದ ಅಳತೆಪಟ್ಟಿ ಮೇಲೆ ಸರಿಯುತ್ತೆ. ಇದೇ ಮಿರರ್ ಗ್ಯಾಲ್ವನೋಮೀಟರ್.

ಲೆಕ್ಕ ನೋಡಿ: ಕನ್ನಡಿ 1 ಡಿಗ್ರಿ ತಿರುಗಿದ್ರೆ ಬೆಳಕು 2 ಡಿಗ್ರಿ ತಿರುಗುತ್ತೆ. 10 ಮೀಟರ್ ದೂರದ ಗೋಡೆ ಮೇಲೆ ಅದು ಸುಮಾರು 35 ಸೆಂಟಿಮೀಟರ್!

3/7
ಈಗ ನಮ್ಮೂರಿಗೆ ಬರೋಣ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಬಂದು ಕೆಜಿಎಫ್ ಗಣಿಗಳನ್ನ ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಬಂದದ್ದು ಎಸಿ ಕರೆಂಟು, ಅಂದ್ರೆ ಸೆಕೆಂಡಿಗೆ ಹತ್ತಾರು ಸಲ ದಿಕ್ಕು ಬದಲಿಸೋದು. ಅಂಥ ಕರೆಂಟಿನ ಅಲೆ ಹೇಗಿದೆ ಅಂತ ಕಣ್ಣಿಗೆ ಕಾಣಿಸೋದು ಆ ಕಾಲದ ಇಂಜಿನಿಯರ್‌ಗಳಿಗೆ ದೊಡ್ಡ ಸವಾಲು.

ಉತ್ತರ ಮತ್ತೆ ಕನ್ನಡಿನೇ. 1897ರಲ್ಲಿ ಇಂಗ್ಲೆಂಡಿನ ವಿಲಿಯಂ ಡಡೆಲ್ ಆಸಿಲೋಗ್ರಾಫ್ ಮಾಡಿದ್ರು. ಒಂದು ಕನ್ನಡಿ ಕರೆಂಟಿನ ಏರಿಳಿತಕ್ಕೆ ಕುಣಿಯುತ್ತೆ, ಇನ್ನೊಂದು ಕನ್ನಡಿ ಬೆಳಕನ್ನ ಅಡ್ಡಕ್ಕೆ ಓಡಿಸುತ್ತೆ. ಎರಡೂ ಸೇರಿ ಪರದೆ ಮೇಲೆ ಅಲೆ ಮೂಡುತ್ತೆ. ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಇವತ್ತಿನ ಲೇಸರ್ ಡಬ್ಬಿಯ ಅಜ್ಜ ಇದೇ.

4/7
ಕನ್ನಡಿ ರೆಡಿ ಇತ್ತು, ತಕ್ಕ ಬೆಳಕು ಇರಲಿಲ್ಲ. 1960ರ ಮೇ 16ರಂದು ಅಮೆರಿಕದಲ್ಲಿ ಥಿಯೋಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ್ರು. 1973ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಗ್ರಿಫಿತ್ ಅಬ್ಸರ್ವೇಟರಿಯಲ್ಲಿ ಲೇಸೇರಿಯಂ ಅನ್ನೋ ಶೋ ಶುರುವಾಯ್ತು. ಸಂಗೀತಕ್ಕೆ ಲೇಸರ್ ಕುಣಿಸೋದನ್ನ ಜನ ಟಿಕೆಟ್ ತಗೊಂಡು ನೋಡಿದ್ರು. ಆಮೇಲೆ ಸಿಡಿ ಪ್ಲೇಯರ್‌ಗಳಿಂದಾಗಿ ಲೇಸರ್ ಡಯೋಡ್ ಲಕ್ಷಗಟ್ಟಲೆ ತಯಾರಾಗಿ ಅಗ್ಗ ಆಯ್ತು. ಪ್ರೊಡಕ್ಷನ್ ಜಾಸ್ತಿ ಆದ್ರೆ ಯೂನಿಟ್ ಕಾಸ್ಟ್ ಇಳಿಯುತ್ತೆ, ನಮ್ಮ ಕಾಸ್ಟಿಂಗ್ ಪಾಠ 😄

5/7
ಈಗಿನ ಡಬ್ಬಿ ಬಿಚ್ಚಿದ್ರೆ ಎರಡು ಗ್ಯಾಲ್ವೋ ಸಿಗುತ್ತೆ, ಎಕ್ಸ್ ಮತ್ತು ವೈ. ಪ್ರತಿಯೊಂದಕ್ಕೂ ಒಂದು ಡ್ರೈವರ್ ಬೋರ್ಡು. ಸಾಮಾನ್ಯವಾಗಿ ಪ್ಲಸ್ 15, ಮೈನಸ್ 15 ವೋಲ್ಟ್ ಎರಡೂ ಕೊಡೋ ಸಪ್ಲೈ ಬೇಕು, ಯಾಕಂದ್ರೆ ಕನ್ನಡಿ ಎರಡೂ ಕಡೆ ತಿರುಗಬೇಕು. ಗ್ಯಾಲ್ವೋ ಒಳಗಿನ ಸೆನ್ಸರ್ 'ನಾನು ಈಗ ಇಲ್ಲಿದ್ದೀನಿ' ಅಂತ ಬೋರ್ಡಿಗೆ ಹೇಳ್ತಾನೇ ಇರುತ್ತೆ, ಬೋರ್ಡು ತಿದ್ದುತ್ತಾನೇ ಇರುತ್ತೆ. ಕೆಲ್ವಿನ್ ಕನ್ನಡಿಗೆ ಇಲ್ಲದೇ ಇದ್ದದ್ದು ಇದು. ಸೆಕೆಂಡಿಗೆ 30,000 ಬಿಂದು ಓಡಿಸೋ ಗ್ಯಾಲ್ವೋ, 1,000 ಬಿಂದುವಿನ ಚಿತ್ರವನ್ನ ಸೆಕೆಂಡಿಗೆ 30 ಸಲ ಬರೆಯುತ್ತೆ. ನಮ್ಮ ಕಣ್ಣಿಗೆ ಅದು ನಿಂತ ಚಿತ್ರ.

6/7
ಆರ್ಡುಯಿನೋ ಇಟ್ಕೊಂಡು ಟ್ರೈ ಮಾಡೋ ಫ್ರೆಂಡ್ಸ್‌ಗೆ ಮೂರು ಮಾತು.
🔸 ಬೋರ್ಡು ಕೊಡೋದು ಅಂಕಿ, ಕನ್ನಡಿಗೆ ಬೇಕಾದ್ದು ವೋಲ್ಟೇಜ್. ಮಧ್ಯೆ ಡಿಎಸಿ ಚಿಪ್ಪು ಬೇಕು. ಅದು ಸೊನ್ನೆಯಿಂದ ಮೇಲಕ್ಕೆ ಮಾತ್ರ ಕೊಡೋದಾದ್ರೆ, ಪ್ಲಸ್-ಮೈನಸ್ ಮಾಡೋಕೆ ಆಪ್-ಆಂಪ್ ಬೇಕು.
🔸 ಲೇಸರ್ ಡಯೋಡನ್ನ ನೇರ ಬ್ಯಾಟರಿಗೆ ಕಟ್ಟಿದ್ರೆ ಸುಟ್ಟುಹೋಗುತ್ತೆ. ಕರೆಂಟು ಮಿತಿಯಲ್ಲಿಡೋ ಡ್ರೈವರ್ ಬೇಕೇ ಬೇಕು.
🔸 ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರುವಾಗ ಲೇಸರ್ ಆರಬೇಕು. ಇಲ್ಲಾಂದ್ರೆ ಅಕ್ಷರಗಳ ಮಧ್ಯೆ ಗೆರೆ ಬೀಳುತ್ತೆ. ಇದಕ್ಕೆ ಬ್ಲ್ಯಾಂಕಿಂಗ್ ಅಂತಾರೆ.

ಮೊದಲು ಕನ್ನಡಿ ಆನ್, ಕೊನೆಗೆ ಲೇಸರ್ ಆನ್. ಈ ಕ್ರಮ ತಪ್ಪಬಾರದು. ಯಾಕೆ? ಮುಂದೆ ನೋಡಿ.

7/7
ಕನ್ನಡಿ ಓಡ್ತಿದ್ರೆ ಬೆಳಕು ಇಡೀ ಗೋಡೆಗೆ ಹಂಚಿಹೋಗುತ್ತೆ. ಕನ್ನಡಿ ನಿಂತ್ರೆ ಅಷ್ಟೂ ಶಕ್ತಿ ಒಂದೇ ಚುಕ್ಕೆಗೆ. ಆ ಚುಕ್ಕೆ ಮಗುವಿನ ಕಣ್ಣಲ್ಲಿ ಬಿದ್ರೆ? ಪಾಯಿಂಟರ್‌ಗೆ 5 ಮಿಲಿವ್ಯಾಟ್‌ವರೆಗಿನ ಮಿತಿ ಇಟ್ಟಿರೋದು, ಕಾಲು ಸೆಕೆಂಡಲ್ಲಿ ನಾವು ರೆಪ್ಪೆ ಮುಚ್ಚುತ್ತೀವಿ ಅನ್ನೋ ಲೆಕ್ಕದ ಮೇಲೆ. 1 ವ್ಯಾಟ್ ಅಂದ್ರೆ ಅದರ 200 ಪಟ್ಟು. ಅಲ್ಲಿ ರೆಪ್ಪೆ ಮುಚ್ಚೋಕೆ ಟೈಮೇ ಇರಲ್ಲ. ರೆಟಿನಾಗೆ ನೋವು ಗೊತ್ತಾಗಲ್ಲ, ಸುಟ್ಟ ಭಾಗ ಮತ್ತೆ ಬೆಳೆಯಲ್ಲ. ಫೋನಿನ ಕ್ಯಾಮೆರಾ ಸೆನ್ಸರ್ ಕೂಡ ಹೋಗುತ್ತೆ. ಪುಣೆಯಲ್ಲಿ 2024ರ ಗಣೇಶೋತ್ಸವಕ್ಕೆ ಪೊಲೀಸರು ಲೇಸರ್ ಬೀಮ್ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಒಳ್ಳೇ ಡಬ್ಬಿಗಳಲ್ಲಿ ಕನ್ನಡಿ ನಿಂತ ತಕ್ಷಣ ಲೇಸರ್ ಆರಿಸೋ ಸರ್ಕ್ಯೂಟ್ ಇರುತ್ತೆ. ಅದಿದ್ರೂ ಕಿರಣ ಜನರ ತಲೆ ಮೇಲೇ ಇರಬೇಕು, ಮುಖದ ಮೇಲೆ ಬರಬಾರದು. ಈ ಸಲ ಹಬ್ಬಕ್ಕೆ ಡಿಜೆ ಬುಕ್ ಮಾಡುವಾಗ ರೇಟ್ ಕೇಳೋ ಮುಂಚೆ ಇದನ್ನ ಕೇಳಿ: 'ಅಣ್ಣಾ, ಕನ್ನಡಿ ನಿಂತ್ರೆ ಲೇಸರ್ ಆರುತ್ತಾ?' ಉತ್ತರ ಗೊತ್ತಿಲ್ಲ ಅಂದ್ರೆ ಹಾಡು ಸಾಕು, ಲೇಸರ್ ಬೇಡ ಅನ್ನಿ.

ಕಮಿಟಿಯಲ್ಲಿರೋ ಫ್ರೆಂಡ್‌ಗೆ ಟ್ಯಾಗ್ ಮಾಡಿ 🙏
#ಕೆಜಿಎಫ್ #ಬಂಗಾರಪೇಟೆ #ಲೇಸರ್‌ಕಥೆ #ಇತಿಹಾಸ