ಅಲಗಿನ ಋಣ

ವಿನೋಬನಗರದ ನಮ್ಮ ಬೀದಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಸಾಣೆ ಹಿಡಿಯುವವನೊಬ್ಬ ಬರುತ್ತಾನೆ. ಸೈಕಲ್ಲನ್ನು ನಿಲುಗಡೆಗೆ ಏರಿಸಿ, ಪೆಡಲು ತುಳಿದು, ಹಿಡಿಕೆಯ ಮುಂದೆ ಕಟ್ಟಿದ ಪುಟ್ಟ ಸಾಣೆಗಲ್ಲನ್ನು ತಿರುಗಿಸುತ್ತಾನೆ. ಮನೆಮನೆಯ ಚಾಕು, ಈಳಿಗೆ, ಕತ್ತರಿಗಳು ಹೊರಬರುತ್ತವೆ. ಕಳೆದ ಸಲ ಅವನು ಬಂದಾಗ ನಾನು ಅವನ ಮುಂದಿಟ್ಟದ್ದು ಚಾಕುವಲ್ಲ, ಎರಡು ಬಾಣದ ಮೊನೆಗಳು. ಒಂದು, ಮಲೇಬೆನ್ನೂರಿನ ಕಡೆಯ ನಮ್ಮ ಹಳ್ಳಿಯ ಮನೆಯ ಅಟ್ಟದಿಂದ ಬಂದದ್ದು. ಎಲೆಯಾಕಾರದ, ಎರಡು ಅಂಚಿನ, ತುಕ್ಕು ಹಿಡಿದ ಕಬ್ಬಿಣ. ಇನ್ನೊಂದು, ಅಮೆರಿಕದಲ್ಲಿರುವ ನನ್ನ ಸೋದರಳಿಯ ಅಲ್ಲಿನ ಬಿಲ್ಲುಬೇಟೆಗಾರ ಗೆಳೆಯನಿಂದ ಪಡೆದು ತಂದುಕೊಟ್ಟದ್ದು; ಒಂದೇ ದಿಂಡಿನ ಸುತ್ತ ಸಮದೂರದಲ್ಲಿ ಮೂರು ಅಲಗುಗಳು ನಿಂತ ಉಕ್ಕಿನ ಮೊನೆ.

ಅಹಿಂಸೆಯ ಹೆಸರು ಹೊತ್ತ ಬಡಾವಣೆಯಲ್ಲಿ ಬಾಣ ಮಸೆಯಲು ಹೊರಟ ಮುದುಕನನ್ನು ಕಂಡು ನೆರೆಯವರು ನಕ್ಕದ್ದು ಸಹಜ. ಸಾಣೆಯವನು ಮಾತ್ರ ನಗಲಿಲ್ಲ. ಹಳೆಯ ಮೊನೆಯನ್ನು ಎರಡು ನಿಮಿಷದಲ್ಲಿ ಹರಿತ ಮಾಡಿದ. ಮೂರಲಗಿನದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇದಕ್ಕೆ ನನ್ನ ಚಕ್ರ ಬರಂಗಿಲ್ಲ ಯಜಮಾನ್ರ. ಒಂದು ಅಲಗು ಹಿಡಿದ್ರ ಇನ್ನೊಂದು ಅಡ್ಡ ಬರ್ತದ" ಎಂದ. ಸ್ವಲ್ಪ ಹೊತ್ತು ಯೋಚಿಸಿ ಚೀಲದಿಂದ ಚಪ್ಪಟೆಯ ಮಸೆಗಲ್ಲೊಂದನ್ನು ತೆಗೆದು, ಮೊನೆಯನ್ನು ಅದರ ಮೇಲೆ ಮಲಗಿಸಿದ. ಎರಡು ಅಲಗುಗಳು ಒಟ್ಟಿಗೆ ಕಲ್ಲನ್ನು ಮುಟ್ಟಿದವು, ಮೂರನೆಯದು ಆಕಾಶ ನೋಡುತ್ತ ನಿಂತಿತು. "ಇದು ತಾನೇ ತನ್ನ ಕೋನ ಹೇಳ್ತದ!" ಎಂದು ಅವನ ಮುಖ ಅರಳಿತು.

ಅವನು ಹೇಳಿದ್ದು ರೇಖಾಗಣಿತದ ಸತ್ಯ. ಚಾಕು ಮಸೆಯುವಾಗ ಕಷ್ಟವಿರುವುದು ಕೋನ ಹಿಡಿಯುವುದರಲ್ಲಿ. ಕೈ ಸ್ವಲ್ಪ ಓಲಾಡಿದರೂ ಅಂಚು ದುಂಡಾಗುತ್ತದೆ. ಮೂರಲಗಿನ ಮೊನೆಯಲ್ಲಿ ಆ ಭಯವಿಲ್ಲ. ಎರಡೆರಡು ಅಂಚುಗಳನ್ನು ಒಟ್ಟಿಗೆ ಸಮತಟ್ಟಾದ ಕಲ್ಲಿಗೆ ಒರಗಿಸಿ, ಮೂರು ಮಗ್ಗುಲಿಗೂ ಲೆಕ್ಕವಿಟ್ಟು ಸಮನಾಗಿ ತಿಕ್ಕಿದರೆ ಪ್ರತಿ ಅಂಚೂ ಎರಡೂ ಕಡೆಯಿಂದ ಸವೆದು 60 ಅಂಶದ ಬಾಯಿ ತಾನಾಗಿ ಮೂಡುತ್ತದೆ. ಅಡಿಗೆಮನೆಯ ಚಾಕುವಿನ ಬಾಯಿ ಸಾಮಾನ್ಯವಾಗಿ 30-40 ಅಂಶದ್ದು. ಮೂರಲಗಿನದು ಅದಕ್ಕಿಂತ ದಪ್ಪ. ಆದರೆ ಎಲುಬಿಗೆ ತಗುಲಿದರೂ ಬೇಗ ಮಡಚದು. ಅಂಚಿಗೆ ದೀಪದ ಕಾಡಿಗೆ ಸವರಿ ತಿಕ್ಕಿದರೆ ಕಲ್ಲು ಎಲ್ಲಿ ಮುಟ್ಟಿಲ್ಲವೆಂಬುದನ್ನು ಉಳಿದ ಕಪ್ಪೇ ತೋರಿಸುತ್ತದೆ. ಮೊದಲು ಅರ, ಆಮೇಲೆ ಒರಟು ಕಲ್ಲು, ಅನಂತರ ನುಣುಪು ಕಲ್ಲು. ಅಂಚಿನಾಚೆ ಮಗುಚಿಕೊಂಡ ಉಕ್ಕಿನ ತೆಳು ಎಳೆಯನ್ನು ತೆಗೆಯಲು ಕೊನೆಗೆ ಕ್ಷೌರಿಕನ ಚರ್ಮದ ಪಟ್ಟಿ. ವೇಗವಾಗಿ ತಿರುಗುವ ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಅಂಚು ಕಾದು ನೀಲಿಗಟ್ಟುತ್ತದೆ, ಉಕ್ಕಿನ ಹದ ಕೆಡುತ್ತದೆ. ಅವಸರಕ್ಕೆ ಇಲ್ಲಿ ಎಡೆಯಿಲ್ಲ.

ಈ ಎರಡು ಮೊನೆಗಳನ್ನು ಮೇಜಿನ ಮೇಲೆ ಜೊತೆಯಾಗಿಟ್ಟು ನೋಡುವಾಗ ಎರಡು ಇತಿಹಾಸಗಳು ಎದುರುಬದುರು ಕುಳಿತಂತೆ ನನಗೆ ತೋರುತ್ತದೆ. ಮೂರಲಗಿನ ಮೊನೆ ಅಮೆರಿಕದವರ ಹೊಸ ಶೋಧನೆಯೇನಲ್ಲ. ಮಧ್ಯ ಏಷ್ಯದ ಹುಲ್ಲುಗಾವಲುಗಳ ಶಕ ಸವಾರರು ಕ್ರಿಸ್ತಪೂರ್ವದಲ್ಲೇ ಇಂಥ ಕಂಚಿನ ಮೊನೆಗಳನ್ನು ಬಳಸುತ್ತಿದ್ದರು. ಕ್ರಿ.ಪೂ. 480ರಲ್ಲಿ ಗ್ರೀಕರೂ ಪಾರಸಿಕರೂ ಕಾದಿದ ಥರ್ಮೋಪಿಲೆಯ ಗುಡ್ಡದಲ್ಲಿ 1939ರಲ್ಲಿ ಅಗೆದಾಗ ಬಾಣದ ಮೊನೆಗಳು ರಾಶಿಯಾಗಿ ಸಿಕ್ಕವು. ಅವುಗಳಲ್ಲಿ ಈ ಮೂರಂಚಿನ ಜಾತಿಯವು ಇದ್ದವು. ನಮ್ಮ ಉಪಖಂಡದ ವಾಯವ್ಯದ ತಕ್ಷಶಿಲೆಯಲ್ಲೂ ಮೂರಲಗಿನ ಮೊನೆಗಳು ದೊರೆತಿವೆ.

ನಮ್ಮ ತುಂಗಭದ್ರೆಯ ದಂಡೆಯ ಕಥೆ ಬೇರೆ. ಹರಿಹರದಿಂದ ನದಿಯ ಮೇಲ್ದಿಕ್ಕಿಗೆ, ಈಗ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾಯರು 1965ರಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳಲ್ಲಿ ಬಾಣದ ಮೊನೆಗಳೂ ಇದ್ದವು. ಇಂಗಾಲದ ಪರೀಕ್ಷೆ ಆ ಪದರಕ್ಕೆ ಕ್ರಿ.ಪೂ. 1000ದ ಆಸುಪಾಸಿನ ಕಾಲವನ್ನು ಕೊಟ್ಟಾಗ ದಕ್ಷಿಣ ಭಾರತದ ಕಬ್ಬಿಣ ಯುಗದ ಬಗೆಗಿನ ಹಳೆಯ ಎಣಿಕೆಗಳು ತಲೆಕೆಳಗಾದವು. ಅದಕ್ಕೂ ಮುನ್ನ, 1947ರಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ತೆರೆದ ಬೃಹತ್‌ಶಿಲಾ ಸಮಾಧಿಗಳಲ್ಲಿಯೂ ಸತ್ತವರ ಜೊತೆ ಕಬ್ಬಿಣದ ಆಯುಧಗಳಿದ್ದವು. ಇನ್ನು ಹರಿಹರ ತಾಲ್ಲೂಕಿನ ಕೊಮಾರನಹಳ್ಳಿ ನನ್ನ ಹುಟ್ಟೂರಿನ ನೆರೆಯದು. ಚಿಕ್ಕಂದಿನಲ್ಲಿ ನಾವು ಅಲ್ಲಿನ ರಂಗನಾಥನ ಗುಡಿಗೆ ಹೋಗುತ್ತಿದ್ದೆವೇ ಹೊರತು, ಕಾಲ ಕೆಳಗಿನ ನೆಲದಲ್ಲಿ ಮೂರು ಸಾವಿರ ವರ್ಷದ ಕಬ್ಬಿಣವಿದೆಯೆಂದು ಯಾರಿಗೆ ಗೊತ್ತಿತ್ತು? ಅಲ್ಲಿನ ನೆಲೆಯ ಮೇಲೆ ನಡೆದ ಥರ್ಮೋಲುಮಿನೆಸೆನ್ಸ್ ಪರೀಕ್ಷೆಗಳು ನಮ್ಮ ಸೀಮೆಯ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧಕ್ಕೆ ಒಯ್ದಿವೆ.

ನನ್ನ ಅಟ್ಟದ ಮೊನೆಯಂತೆ ಈ ನಾಡಿನ ಕಮ್ಮಾರ ಎರಡಂಚಿನ ಚಪ್ಪಟೆ ಅಲಗಿಗೇ ಒಲಿದದ್ದೇಕೆ? ನನಗೆ ತೋಚುವ ಕಾರಣ ಸರಳ. ಕಂಚನ್ನು ಕರಗಿಸಿ ಅಚ್ಚಿಗೆ ಹೊಯ್ಯಬಹುದು. ಅಚ್ಚಿನಲ್ಲಿ ಮೂರು ರೆಕ್ಕೆ ತೆಗೆಯುವುದು ಕಷ್ಟವಲ್ಲ. ನಮ್ಮ ಕುಲುಮೆಯ ಕಬ್ಬಿಣವನ್ನು ಹಾಗೆ ಹೊಯ್ಯಲಾಗದು, ಕಾಸಿ ಬಡಿಯಬೇಕು. ಅಡಿಗಲ್ಲು, ಸುತ್ತಿಗೆಗಳ ನಡುವೆ ಸಿಕ್ಕ ಲೋಹ ಚಪ್ಪಟೆಯಾಗಲು ಬಯಸುತ್ತದೆ. ಆ ಬಯಕೆಯನ್ನು ಮನ್ನಿಸಿದವನೇ ಜಾಣ ಕಮ್ಮಾರ.

ಕಬ್ಬಿಣಕ್ಕೆ ಬಾಯಿ ಬರಿಸುವ ವಿದ್ಯೆಯಲ್ಲಿ ನಮ್ಮವರು ಹಿಂದುಳಿದವರಾಗಿರಲಿಲ್ಲ. ಮೂಸೆಯಲ್ಲಿ ಕಾಸಿ ತೆಗೆದ ದಕ್ಷಿಣದ ಉಕ್ಕು ಯುರೋಪಿನಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಆ ಹೆಸರು ನಮ್ಮ 'ಉಕ್ಕು' ಪದದ ಅಪಭ್ರಂಶವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು-ಕತ್ತರಿಗಳ ಕಸಬುದಾರ ಆ ಉಕ್ಕನ್ನು ಬಹುವಾಗಿ ಮೆಚ್ಚಿದ್ದ. ಅದರ ಗುಟ್ಟನ್ನು ಹುಡುಕಲು ಅವನ ಜೊತೆ ಸೇರಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಮಹಾವಿಜ್ಞಾನಿಯೆಂದು ನಾವು ಬಲ್ಲ ಈತ ಒಬ್ಬ ಕಮ್ಮಾರನ ಮಗ. 1819ರಲ್ಲಿ ಆತ ವೂಟ್ಸ್ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದ.

ಬೇಟೆ ನಮ್ಮ ಶಾಸನ ಶಿಲ್ಪಗಳಲ್ಲೂ ಉಳಿದಿದೆ. ಹತ್ತನೆಯ ಶತಮಾನದ ಆತಕೂರಿನ ಶಾಸನ, ಹಂದಿಯೊಡನೆ ಹೋರಾಡಿ ತಾನೂ ಸತ್ತ 'ಕಾಳಿ' ಎಂಬ ನಾಯಿಯನ್ನು ನೆನೆಯುತ್ತದೆ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯಿದ್ದಾಳೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೃಗಯೆ ರಾಜವಿನೋದಗಳಲ್ಲೊಂದು. ದೊರೆಗೆ ಅದು ವಿನೋದ, ಬೇಡನಿಗೆ ಅನ್ನ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ವಿಧಿಸಿದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಸೆಟೆದು ನಿಂತರು. ಆ ನವೆಂಬರಿನಲ್ಲಿ ಸೈನ್ಯ ಊರನ್ನು ಹಾಳುಗೆಡವಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದ ಆ ನೋವು ನಮ್ಮ ಕಾಲದವರೆಗೂ ಕೇಳಿಬರುತ್ತಿದೆ. ಆಯುಧವೆಂದರೆ ಅವರಿಗೆ ಬರಿಯ ಕಬ್ಬಿಣವಾಗಿರಲಿಲ್ಲ, ಮನೆತನದ ಮಾನವಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಆ ಹಳೆಯ ಮೊನೆಯನ್ನು ನಾನೇಕೆ ಹರಿತ ಮಾಡಿಸಿದೆನೆಂಬುದನ್ನು ಮುಚ್ಚಿಡಲಾರೆ.

1950ರ ದಶಕದ ಮಾತು. ನನಗೆ ಹತ್ತು ವರ್ಷ. ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಅಜ್ಜ ಅಟ್ಟಣೆಯ ಮೇಲೆ ಬಿಲ್ಲು ಹಿಡಿದು ಕಾಯುತ್ತಿದ್ದರು. ಅಂಬುಗಳನ್ನು ಮಸೆಯುವ ಕೆಲಸ ನನ್ನದು. ಒಂದು ಸಂಜೆ ಗೋಲಿಯಾಟದ ಆತುರದಲ್ಲಿ ನಾಲ್ಕು ಸಲ ತಿಕ್ಕಿ, ನೀರಲ್ಲಿ ತೊಳೆದು, "ಆಯ್ತಜ್ಜಾ" ಎಂದುಬಿಟ್ಟೆ. ಅವರು ನನ್ನನ್ನು ನಂಬಿದರು. ಆ ರಾತ್ರಿ ಬಾಣ ತಗುಲಿದ ಹಂದಿ ಬೀಳದೆ ಓಡಿತು. ಗುಂಡು ಹೊಡೆತದ ಬಲದಿಂದ ಕೊಂದೀತು, ಬಾಣ ಹಾಗಲ್ಲ. ಅದು ನೆತ್ತರ ನಾಳಗಳನ್ನು ನುಣ್ಣಗೆ ಕೊಯ್ದರೆ ಮಾತ್ರ ಪ್ರಾಣಿ ಬೇಗ ಬಿಡುಗಡೆ ಪಡೆಯುತ್ತದೆ. ಮೊಂಡಾಗಿದ್ದರೆ ಹರಿದು, ನೂಕಿ, ನರಳಿಸುತ್ತದೆ. ಅಜ್ಜ ಬೆಳಗಿನಿಂದ ನೆತ್ತರಿನ ಹನಿಗಳನ್ನು ಹುಡುಕುತ್ತ ಹಳ್ಳ ದಾಟಿ ನಡೆದರು; ನನ್ನನ್ನೂ ಕರೆದೊಯ್ದರು. ಮಧ್ಯಾಹ್ನದ ಹೊತ್ತಿಗೆ ಲಂಟಾನದ ಪೊದೆಯಲ್ಲಿ ಅದು ಸಿಕ್ಕಿತು. ಇನ್ನೂ ಉಸಿರಿತ್ತು. ಅದರ ಕಣ್ಣನ್ನು ನಾನು ನೋಡಿದೆ. ಅಜ್ಜ ಕೆಲಸ ಮುಗಿಸಿ, ಮೊನೆಯನ್ನು ಕಿತ್ತು, ಹೆಬ್ಬೆರಳಲ್ಲಿ ಸವರಿ ನೋಡಿದರು. ಬೈಯಲಿಲ್ಲ. "ತಮ್ಮಾ, ಕೊಲ್ಲೋದಿದ್ರ ಮಸೀಬೇಕು. ಮಸಿಯಾಕ ಬ್ಯಾಸರಾದ್ರ ಕೊಲ್ಲಬಾರದು" ಎಂದರು, ಅಷ್ಟೆ. ಆಮೇಲೆ ಅವರು ಬಿಲ್ಲು ಮುಟ್ಟಿದ್ದನ್ನು ನಾನು ಕಾಣೆ. ಆ ಮೊನೆ ಅಟ್ಟ ಸೇರಿತು.

ದೊಡ್ಡವನಾದ ಮೇಲೆ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯನ ವಿಷಯ ಓದಿದೆ. ತನ್ನ ಯಾಹಿ ಬುಡಕಟ್ಟಿನವರೆಲ್ಲ ಅಳಿದು ಒಬ್ಬನೇ ಉಳಿದಿದ್ದ ಇಶಿ 1911ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ಹೊರಬಂದ. ಅವನಿಂದ ಬಿಲ್ವಿದ್ಯೆ ಕಲಿತ ಪೋಪ್ 1923ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅಮೆರಿಕದ ಇಂದಿನ ಬಿಲ್ಲುಬೇಟೆ ಬಹುಮಟ್ಟಿಗೆ ಅಲ್ಲಿಂದ ಚಿಗುರಿದ್ದು. ಇಶಿ ಸೀಸೆಯ ಗಾಜನ್ನು ಚಕ್ಕೆ ಎಬ್ಬಿಸಿ ಬಾಣದ ಮೊನೆ ಮಾಡುತ್ತಿದ್ದನಂತೆ. ಒಡೆದ ಗಾಜಿಗಿಂತ ಹರಿತವಾದದ್ದು ಯಾವುದಿದೆ? ಅವನೂ ನನ್ನ ಅಜ್ಜನೂ ಒಬ್ಬರನ್ನೊಬ್ಬರು ಕಂಡವರಲ್ಲ. ಕಂಡಿದ್ದರೆ ಅವರಿಗೆ ಭಾಷೆ ಬೇಕಾಗುತ್ತಿರಲಿಲ್ಲ, ಹೆಬ್ಬೆರಳು ಸಾಕಾಗುತ್ತಿತ್ತು.

ಇಂದು ನಮ್ಮಲ್ಲಿ ಬೇಟೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಬಿಗಿಯಾಗಿ ನಿರ್ಬಂಧಿಸಿತು. 1991ರ ತಿದ್ದುಪಡಿ ಪರವಾನಗಿಯ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿತು. ಅದು ಒಳ್ಳೆಯದೇ ಆಯಿತು. ಆ ಕಣ್ಣನ್ನು ನೋಡಿದವನಾಗಿ ನಾನು ಬೇರೆ ಮಾತು ಆಡಲಾರೆ. ಆದರೆ ಬೇಟೆಯ ಜೊತೆಯಲ್ಲಿ ಆ ಎಚ್ಚರವೂ ಹೋಗಬೇಕಾಗಿರಲಿಲ್ಲ. ನಮ್ಮ ಕೈಯಿಂದ ಇನ್ನೊಂದು ಜೀವಕ್ಕೆ ತಗುಲುವ ಅಂಚು ಯಾವುದೇ ಇರಲಿ, ವೈದ್ಯನ ಶಸ್ತ್ರವಾಗಲಿ, ನ್ಯಾಯಾಧೀಶನ ತೀರ್ಪಾಗಲಿ, ಬರೆಯುವವನ ಮಾತಾಗಲಿ, ಅದನ್ನು ಮೊಂಡಾಗಿ ಬಿಡುವುದು ದಯೆಯಲ್ಲ, ಅಸಡ್ಡೆ. ಇದು ನನಗೆ ತಿಳಿಯಲು ಒಂದು ಪ್ರಾಣಿ ಒಂದಿಡೀ ಬೆಳಗು ನರಳಬೇಕಾಯಿತು.

ಸಾಣೆಯವನು ಮೂರಲಗಿನ ಮೊನೆಯನ್ನು ಮುಗಿಸಿ, ಮುಂಗೈಯ ಕೂದಲ ಮೇಲೆ ಆಡಿಸಿ ತೋರಿಸಿದ. ನಾಲ್ಕು ಕೂದಲು ಉದುರಿದವು. ನಾನು ದುಡ್ಡು ಕೊಡಹೋದೆ. ಅವನು ಚಾಕುಗಳ ದುಡ್ಡನ್ನಷ್ಟೇ ಎಣಿಸಿಕೊಂಡು, "ಇದು ನಾನು ಕಲ್ತದ್ದು ಯಜಮಾನ್ರ, ಇದಕ್ಕ ಬ್ಯಾಡ" ಎಂದು ಸೈಕಲ್ಲು ಹತ್ತಿದ. ಹೊಸ ಮೊನೆ ಈಗ ನನ್ನ ಮೇಜಿನ ಮೇಲೆ ಕಾಗದಗಳನ್ನು ಒತ್ತಿ ಹಿಡಿದಿದೆ. ಅಜ್ಜನ ಮೊನೆಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಮತ್ತೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಎಪ್ಪತ್ತು ವರ್ಷ ತಡವಾಯಿತು, ನಿಜ. ಈಗ ಅದು ಹರಿತವಾಗಿದೆ.